ಸಾಸರಿನ ಮೇಲಿನ ಮಾತ್ರೆ

ಜರಡಿ ಎಡಕ್ಕೆ ಹೋದಾಗ ಸೊರ್, ಬಲಕ್ಕೆ ಬಂದಾಗ ಸೊರ್. ಅಂಗಡಿಯ ಹಿಂದಿನ ಕೋಣೆಯಲ್ಲಿ ರುಚಿಯಮ್ಮ ಕಾಲು ಚಾಚಿ ಕುಳಿತು ಹೊಸ ಮೂಟೆಯ ಚಹಾವನ್ನು ಜರಡಿ ಹಿಡಿಯುತ್ತಿದ್ದಳು. ಧೂಳು ಕೆಳಗೆ, ಎಲೆ ಮೇಲೆ, ಕಡ್ಡಿ ಪಕ್ಕಕ್ಕೆ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ಸೀನು ಬಿಡುತ್ತಿರಲಿಲ್ಲ. ಸೀನು ಬಂದಾಗಲೆಲ್ಲ ಜರಡಿಯನ್ನು ಎದೆಗವಚಿಕೊಂಡು ಮುಖವನ್ನಷ್ಟೇ ಗೋಡೆಯ ಕಡೆ ತಿರುಗಿಸುವುದು ಅವಳಿಗೆ ಎಷ್ಟೋ ವರ್ಷದ ಅಭ್ಯಾಸ.

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರು ಹೇಳಿದರೆ ಬೀದಿಯಲ್ಲಿ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಿದ್ದ. ಹೊಸ ಸರಕು ಬಂದ ದಿನ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಒಂದೊಂದನ್ನೂ ಸೊರ್ರೆಂದು ಹೀರಿ, ಬಾಯೊಳಗೆ ಆಡಿಸಿ, ಬಕೆಟ್ಟಿಗೆ ಉಗಿದು, "ಇದು ಪರವಾಗಿಲ್ಲ", "ಇದು ಬರೀ ಹುಲ್ಲು, ವಾಪಸ್ ಕಳಿಸಿ" ಎಂದು ತೀರ್ಪು ಕೊಡುವವಳು ಅವಳೇ. ಹಾಗಾಗಿ ಎಲ್ಲರ ಬಾಯಲ್ಲೂ ರುಚಿಯಮ್ಮ. ಅವಳ ಯಜಮಾನರು ಮುಂದಿನ ಕೋಣೆಯಲ್ಲಿ ತೂಗುವವರು, ಪೊಟ್ಟಣ ಕಟ್ಟುವವರು, ಗಿರಾಕಿಗಳ ಜೊತೆ ಹರಟುವವರು. ಮಗ ಊರೂರಿಗೆ ಪೊಟ್ಟಣ ಮುಟ್ಟಿಸುವ ವ್ಯಾನು ಓಡಿಸುತ್ತಿದ್ದ. ಮನೆಯಲ್ಲಿ ಇದ್ದಷ್ಟೇ ದಿನ ದಾರಿಯಲ್ಲೂ ಇರುತ್ತಿದ್ದ.

ಆ ಅಂಗಡಿಗೆ ಒಂದು ಕಟ್ಟುನಿಟ್ಟು ಇತ್ತು. ಚಹಾ ಇರುವ ಕಡೆ ಕಬ್ಬಿಣ ಸುಳಿಯಬಾರದು. ಯಜಮಾನರ ತಾತನ ಕಾಲದಲ್ಲಿ ತುಕ್ಕು ಹಿಡಿದ ಮೊಳೆಗಳು ಯಾವುದೋ ಡಬ್ಬದಲ್ಲಿ ಬಿದ್ದು, ಅದರ ಪುಡಿ ಕೊಂಡವರ ಮನೆಯಲ್ಲೆಲ್ಲ ಚಹಾ ಕರ್ರಗೆ ಮಸಿಯಂತಾಗಿತ್ತಂತೆ. ಬಹಳ ದಿನ ಬೀದಿಯ ಜನ "ಶಾಯಿ ಅಂಗಡಿ" ಎಂದು ಆಡಿಕೊಂಡರಂತೆ. ಆ ಅವಮಾನ ಮೂರು ತಲೆಮಾರು ಇಳಿದು ಬಂದಿತ್ತು. ಸೌಟು ಮರದ್ದು, ತಕ್ಕಡಿ ಹಿತ್ತಾಳೆಯದು, ಡಬ್ಬಗಳು ತಗಡಿನವಾದರೂ ಒಳಗೆ ಕಾಗದದ ಪದರ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ರುಚಿಯಮ್ಮ ಮೊದಲು ಹೇಳುತ್ತಿದ್ದುದು ಇದೇ: "ಕಬ್ಬಿಣಕ್ಕೂ ಟೀಗೂ ಎಣ್ಣೆ ಸೀಗೆಕಾಯಿ. ನೆನಪಿರಲಿ."

"ಏನೇ, ಇವತ್ತಾದ್ರೂ ಮುಂದಿನ ಸಾಲು ಬಂತಾ?" ಮುಂದಿನ ಕೋಣೆಯಿಂದ ಯಜಮಾನರು ಕೂಗಿದರು.

ಕೇಳಿದ್ದು ಕಾಗದದ ವಿಚಾರ. ತಕ್ಕಡಿಯ ತಟ್ಟೆಯ ಕೆಳಗೆ ಒಂದು ಹಾಳೆ ಮಡಚಿ ಇಟ್ಟಿತ್ತು. ಅದರಲ್ಲಿ "ಬೀಗಿತ್ತಿಯವರಿಗೆ ನಮಸ್ಕಾರಗಳು" ಎಂಬಲ್ಲಿಗೆ ಬರವಣಿಗೆ ನಿಂತು ತಿಂಗಳುಗಳಾಗಿದ್ದವು. ಸೊಸೆ ಬಸುರಿ ಎಂದು ಗೊತ್ತಾದ ವಾರವೇ ಅದನ್ನು ಬರೆಯಲು ಕುಳಿತದ್ದು. ಹೆರಿಗೆಯ ಹೊತ್ತಿಗೆ ಸೊಸೆಯ ತಾಯಿ ಬಂದು ಜೊತೆಗಿರಲಿ ಎಂದು ಕರೆಯಬೇಕಿತ್ತು. ಬೀಗಿತ್ತಿ ಇನ್ನೊಂದು ಊರಲ್ಲಿ ಹಾಸಿಗೆ ಹೊಲಿಯುವ ಕೆಲಸದವಳು. ಮಾತು ಕಡಿಮೆ, ಬೆನ್ನು ನೆಟ್ಟಗೆ. ಮಗಳ ಹತ್ತಿರ ಫೋನಿನಲ್ಲಿ "ಆ ಮನೆ ಹಿರಿಯರು ಬಾಯಿಬಿಟ್ಟು ಕರೀಲಿ, ಬರ್ತೀನಿ" ಎಂದು ಹೇಳಿದ್ದಳಂತೆ.

"ಫೋನ್ ಮಾಡಿ ಕರೆದ್ರಾಯ್ತಮ್ಮ" ಎಂದು ಮಗ ಹೇಳಿದ್ದ.

"ಫೋನಲ್ಲಿ ನನ್ನ ದನಿ ಜಗಳಕ್ಕೆ ನಿಂತ ಹಾಗೆ ಕೇಳುತ್ತೆ ಕಣೋ. ಕಾಗದ ಬರೀತೀನಿ" ಎಂದಿದ್ದಳು ರುಚಿಯಮ್ಮ. ಬರೆಯಲಿಲ್ಲ.

ಯಾಕೆಂದರೆ ಪೆನ್ನು ಹಿಡಿದಾಗಲೆಲ್ಲ ಕಣ್ಣ ಮುಂದೆ ಎರಡು ಬೆರಳು ಬಂದು ನಿಲ್ಲುತ್ತಿದ್ದವು. ಮದುವೆಯ ದಿನ ಈ ಮನೆಯಲ್ಲೇ ಊಟವಾದ ಮೇಲೆ ರುಚಿಯಮ್ಮ ಬೇರೆ ಯಾರಿಗೂ ಬಿಡದೆ ತಾನೇ ಒಲೆ ಮುಂದೆ ನಿಂತು, ಮಾರಾಟಕ್ಕೆ ಇಡದ, ಡಬ್ಬದ ತಳದಲ್ಲಿ ಬಚ್ಚಿಟ್ಟುಕೊಂಡಿದ್ದ ಎಳೆಯ ಚಿಗುರಿನ ಚಹಾ ಮಾಡಿ, ಬೀಗಿತ್ತಿಯ ಮುಂದೆ ತಂದಿಟ್ಟಿದ್ದಳು. ಬೀಗಿತ್ತಿ ಎರಡು ಬೆರಳಿಂದ ಕಪ್ಪನ್ನು ಪಕ್ಕಕ್ಕೆ ಸರಿಸಿ, ಒಂದು ತೆಳುನಗೆ ನಕ್ಕು, ಯಾರೋ ಕರೆದರೆಂದು ಎದ್ದು ಹೋಗಿದ್ದಳು. ಕಪ್ಪು ಹಾಗೇ ತಣ್ಣಗಾಗಿತ್ತು. ರುಚಿಯಮ್ಮನೇ ಅದನ್ನು ಬಚ್ಚಲಿಗೆ ಸುರಿದಿದ್ದಳು. ಬೈದಿದ್ದರೆ ಮರೆಯುತ್ತಿದ್ದಳೋ ಏನೋ. ಇದನ್ನು ಮರೆಯಲಾಗಿರಲಿಲ್ಲ.

"ಬಂದಿಲ್ಲ ರೀ ಮುಂದಿನ ಸಾಲು. ಬಂದ್ರೆ ನಿಮಗೇ ಮೊದಲು ಹೇಳ್ತೀನಿ" ಎಂದು ಕೂಗಿ ಜರಡಿಯನ್ನು ಇನ್ನೂ ಜೋರಾಗಿ ಆಡಿಸಿದಳು.

ಆಗಲೇ ಸೊಸೆ ಒಳಗೆ ಬಂದದ್ದು. ಇನ್ನೂ ಮಧ್ಯಾಹ್ನ. ಅವಳು ಮುಖ್ಯರಸ್ತೆಯ ಕನ್ನಡಕದ ಅಂಗಡಿಯಲ್ಲಿ ಫ್ರೇಮು ಕೂರಿಸುವವಳು, ಸಂಜೆಗೆ ಮುಂಚೆ ಮನೆ ಸೇರಿದವಳೇ ಅಲ್ಲ. ಮುಖ ಸುಣ್ಣದ ಹಾಗಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅತ್ತೆ, ಸ್ವಲ್ಪ ಕೂತ್ಕೋತೀನಿ. ಸ್ಕ್ರೂ ಹಾಕೋವಾಗ ಕಣ್ಣು ಕತ್ತಲೆ ಬಂತು. ಗಿರಾಕಿ ಗಾಜು ಕೈಜಾರಿ ಬಿತ್ತು. ಪುಣ್ಯಕ್ಕೆ ಒಡೀಲಿಲ್ಲ."

ಜರಡಿ ನೆಲ ಕಂಡಿತು. ರುಚಿಯಮ್ಮ ಎದ್ದ ರಭಸಕ್ಕೆ ಧೂಳೆಲ್ಲ ಮತ್ತೆ ಎಲೆಯೊಳಗೆ ಬೆರೆತುಹೋಯಿತು. ಸೊಸೆಯನ್ನು ಮೂಟೆಯ ಮೇಲೆ ಕೂರಿಸಿ, ಕಾಲ ಕೆಳಗೆ ಇನ್ನೊಂದು ಮೂಟೆ ಎಳೆದು, ಬೀಸಣಿಗೆಯ ಬದಲಿಗೆ ಪೊಟ್ಟಣದ ರಟ್ಟಿನಲ್ಲಿ ಗಾಳಿ ಹಾಕಿದಳು.

"ಬೆಳಿಗ್ಗೆ ತಿಂದ್ಯೋ ಇಲ್ವೋ?"

"ನೀವು ತಿನ್ನಿಸದೆ ಬಿಟ್ಟಿದ್ದೀರಾ ಅತ್ತೆ? ನಾಲ್ಕು ಬ್ರೆಡ್ಡು, ಅದರ ಮೇಲೆ ಬೆಣ್ಣೆ, ಅದರ ಮೇಲೆ ಮತ್ತೆ ಬೆಣ್ಣೆ."

"ಇಬ್ಬರ ಊಟ ಕಣೇ ಈಗ ನಿಂದು."

"ಇಬ್ಬರದೂ ತಿಂದದ್ದು ಮಾವ" ಎಂದಳು ಸೊಸೆ, ಆ ಸುಸ್ತಿನಲ್ಲೂ. ಅದು ಸುಳ್ಳಲ್ಲ. ಸೊಸೆಗೆ ಬಡಿಸಿದ್ದು ಮಿಕ್ಕರೆ ಎಸೆಯಬಾರದೆಂದು ಯಜಮಾನರು ಮುಗಿಸುತ್ತಾ ಬಂದು, ಈಗ ಅವರ ಅಂಗಿಯ ಗುಂಡಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದವು. ತರಕಾರಿಯವಳು "ನಿಮಗೆ ಎಷ್ಟನೇ ತಿಂಗಳು?" ಎಂದು ಅವರನ್ನೇ ಕೇಳಿದ್ದಳು.

ಸೊಸೆ ನಕ್ಕಳು, ಆದರೆ ಕೈಬೆರಳುಗಳು ತಣ್ಣಗಿದ್ದವು. ರುಚಿಯಮ್ಮ ಅವನ್ನು ತನ್ನ ಅಂಗೈಗಳ ನಡುವೆ ಉಜ್ಜಿದಳು. ಹೋದ ತಿಂಗಳು ಹೆರಿಗೆ ಮನೆಯಲ್ಲಿ ಸೊಸೆಯ ರಕ್ತ ನೋಡಿ ಕಡಿಮೆ ಇದೆ ಎಂದಿದ್ದರು. ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಆ ಮಾತ್ರೆಯನ್ನು ರುಚಿಯಮ್ಮ ಒಂದು ದಿನವೂ ತಪ್ಪಿಸಿರಲಿಲ್ಲ. ನಾಳೆ ಮತ್ತೆ ರಕ್ತ ನೋಡುವ ದಿನ.

ಬೀದಿಯ ತುದಿಯ ಹೆರಿಗೆ ಮನೆ ಚಿಕ್ಕದು. ಹಸಿರು ಬಾಗಿಲು, ಉದ್ದದ ಬೆಂಚು, ಫಿನಾಯಿಲ್ ವಾಸನೆ, ಗೋಡೆಯ ಮೇಲೆ ಹಣ್ಣು ಸೊಪ್ಪುಗಳ ಬಣ್ಣದ ಚಿತ್ರ. ಅಲ್ಲಿನ ನರ್ಸಮ್ಮನಿಗೆ ದಪ್ಪ ಗಾಜಿನ ಕನ್ನಡಕ. ಅದು ಮೂಗಿನಿಂದ ಜಾರದಂತೆ ಅದರ ಕಡ್ಡಿ ಬಗ್ಗಿಸಿಕೊಟ್ಟವಳು ಸೊಸೆಯೇ. ಅಂದಿನಿಂದ ನರ್ಸಮ್ಮನಿಗೆ ಅವಳ ಮೇಲೆ ಒಂದು ಕೈ ಹೆಚ್ಚು ಅಕ್ಕರೆ.

ಮರುದಿನ ನರ್ಸಮ್ಮ ತೂಕ ನೋಡಿದರು, ರಕ್ತದೊತ್ತಡ ನೋಡಿದರು, ಪಾದ ಒತ್ತಿ ಊತ ಇಲ್ಲವೆಂದರು, ಹೊಟ್ಟೆಯ ಮೇಲೆ ಕಿವಿಗೊಳವೆ ಇಟ್ಟು ಮಗುವಿನ ಎದೆಬಡಿತ ಕೇಳಿ ತಲೆದೂಗಿದರು. "ಒಳಗಿನ ಯಜಮಾನ್ರು ಕುದುರೆ ಓಡಿಸ್ತಿದ್ದಾರೆ, ಜೋರಾಗೇ ಇದ್ದಾರೆ" ಎಂದರು. ಬೆರಳು ಚುಚ್ಚಿ ರಕ್ತ ತೆಗೆದು, ಪಕ್ಕದ ಕೋಣೆಗೆ ಹೋಗಿ ಬಂದಾಗ ಮಾತ್ರ ಮುಖದಲ್ಲಿ ನಗೆ ಇರಲಿಲ್ಲ.

"ಹೋದ ಸಲ ಎಷ್ಟಿತ್ತೋ ಅಷ್ಟೇ ಇದೆ. ಒಂದು ಕೂದಲೆಳೆಯಷ್ಟೂ ಮೇಲೆ ಹೋಗಿಲ್ಲ. ಮಾತ್ರೆ ತಗೋತಿದ್ದೀಯಾ ಇಲ್ವಾ, ನಿಜ ಹೇಳು."

"ದಿನಾ ತಗೋತೀನಿ ಸಿಸ್ಟರ್."

"ದಿನಾ ತಗೊಂಡ್ರೆ ಹೀಗಿರಲ್ವಲ್ಲಮ್ಮ. ನೋಡಿ" ನರ್ಸಮ್ಮ ರುಚಿಯಮ್ಮನ ಕಡೆ ತಿರುಗಿದರು. "ಹೆರಿಗೇಲಿ ಒಂದಷ್ಟು ರಕ್ತ ಹೋಗೇ ಹೋಗುತ್ತೆ. ಇರೋದೇ ಕಮ್ಮಿ ಆದ್ರೆ ತಾಯಿಗೆ ತಡೆಯೋ ಶಕ್ತಿ ಇರಲ್ಲ, ಮಗು ತೂಕಾನೂ ಏರಲ್ಲ. ಮುಂದಿನ ತಿಂಗಳೂ ಹೀಗೇ ಇದ್ರೆ ಡಾಕ್ಟರು ಇಲ್ಲಿ ಹೆರಿಗೆ ಬೇಡ ಅಂತಾರೆ. ಸೇತುವೆ ಆಚೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತಾರೆ. ರಕ್ತ ಕೊಡಿಸಬೇಕಾಗಬಹುದು."

ಸೊಸೆ ನೆಲ ನೋಡಿದಳು. ಅವಳಿಗೆ ದೊಡ್ಡಾಸ್ಪತ್ರೆ ಎಂದರೆ ಮೊದಲಿಂದಲೂ ಅಂಜಿಕೆ. ಈ ಹಸಿರು ಬಾಗಿಲು, ಈ ನರ್ಸಮ್ಮ, ಮನೆಯಿಂದ ಕೂಗಿದರೆ ಕೇಳುವಷ್ಟು ದೂರ, ಇದನ್ನೇ ನೆಚ್ಚಿಕೊಂಡು ಧೈರ್ಯವಾಗಿದ್ದವಳು ಅವಳು.

ರುಚಿಯಮ್ಮನಿಗೆ ತಡೆಯಲಾಗಲಿಲ್ಲ. "ಏನ್ ಮಾತಂತ ಆಡ್ತೀರ ಸಿಸ್ಟರ್? ನಾನೇ ನನ್ನ ಕೈಯಾರೆ ಕೊಡ್ತೀನಿ ಮಾತ್ರೆ. ಅವಳು ಮರೆತರೂ ನಾನು ಮರೆಯಲ್ಲ. ಊಟ ಮುಗಿಸಿ ಕೈ ತೊಳೆಯೋಷ್ಟರಲ್ಲಿ ಸಾಸರ್ ಮೇಲೆ ಮಾತ್ರೆ ಇಟ್ಟು, ಕಪ್ಪಲ್ಲಿ ಬಿಸಿ ಬಿಸಿ ಟೀ ಹಾಕಿ ಮುಂದೆ ಹಿಡೀತೀನಿ. ನುಂಗಿ, ಕಪ್ ಖಾಲಿ ಮಾಡೋವರೆಗೂ ಅಲ್ಲಿಂದ ಕದಲಲ್ಲ!"

ನರ್ಸಮ್ಮ ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

"ಟೀ ಜೊತೆ?"

"ಟೀ ಅಂದ್ರೆ ಅಂಥಿಂಥ ಟೀ ಅಲ್ಲ. ನಮ್ಮ ಮನೆಯ ಒಳ್ಳೆ ಸರಕು."

"ನಾನು ನೀರಿನ ಜೊತೆ ಅಂದಿದ್ದೆ ಅಲ್ವೇನಮ್ಮ?"

"ನೀರಿನ ಜೊತೆ ವಾಂತಿ ಬರ್ತಿತ್ತು ಸಿಸ್ಟರ್" ಎಂದಳು ಸೊಸೆ ಮೆಲ್ಲಗೆ. "ಟೀಯಲ್ಲಿ ಆ ವಾಸನೆ ಗೊತ್ತಾಗಲ್ಲ."

ನರ್ಸಮ್ಮ ನಗಬೇಕೋ ಅಳಬೇಕೋ ತಿಳಿಯದವರ ಹಾಗೆ ತಲೆ ಮೇಲೆ ಕೈಯಿಟ್ಟುಕೊಂಡರು. "ಅಲ್ರಮ್ಮಾ, ಟೀಯಲ್ಲಿರೋ ಒಗರು ಇದೆಯಲ್ಲ, ಅದು ಕಬ್ಬಿಣಾನ ಹೊಟ್ಟೆಯೊಳಗೇ ಹಿಡಿದು ಕೂರಿಸಿಬಿಡುತ್ತೆ. ರಕ್ತಕ್ಕೆ ಸೇರೋಕೆ ಬಿಡಲ್ಲ. ಮಾತ್ರೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗ್ತಿದೆ ಅಷ್ಟೇ. ಮಾತ್ರೆದು ಮಾತ್ರ ಅಲ್ಲ, ಊಟದಲ್ಲಿರೋ ಸೊಪ್ಪು ಬೇಳೆ ಸತ್ವಾನೂ ಅಷ್ಟೇ. ನೀವು ದಿನಾ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡಿದ್ದೀರ."

ರುಚಿಯಮ್ಮನ ತಲೆಯಲ್ಲಿ ಮೊಳೆ ಬಿದ್ದ ಹಳೇ ಡಬ್ಬವೊಂದೇ ಸುತ್ತತೊಡಗಿತು. ಮುಂದೆ ನರ್ಸಮ್ಮ ಹೇಳಿದ್ದನ್ನೆಲ್ಲ ಸೊಸೆಯೇ ಕೇಳಿಸಿಕೊಂಡದ್ದು. ಮಾತ್ರೆಗೆ ನಿಂಬೆ ಹಿಂಡಿದ ನೀರು ಅಥವಾ ಕಿತ್ತಳೆ. ವಾಂತಿ ಬರುವ ಹಾಗಿದ್ದರೆ ಬರೀ ಹೊಟ್ಟೆಯಲ್ಲಿ ಬೇಡ, ಒಂದು ತುಂಡು ಬ್ರೆಡ್ಡು ತಿಂದು ತೆಗೆದುಕೊಳ್ಳುವುದು. ಹಾಲು, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಚಹಾ ಬೇಕೇ ಬೇಕೆಂದರೆ ಊಟವಾಗಿ ಒಂದೆರಡು ಗಂಟೆ ಕಳೆದ ಮೇಲೆ, ಅದೂ ತೆಳ್ಳಗೆ, ದಿನಕ್ಕೆ ಒಂದೋ ಎರಡೋ ಕಪ್ಪು. ಬೆಣ್ಣೆಯ ಮೇಲೆ ಬೆಣ್ಣೆ ಬೇಡ; ಸೊಪ್ಪು, ಬೇಳೆ, ಕಾಳು, ಚೆನ್ನಾಗಿ ಬೆಂದ ಮೊಟ್ಟೆ. "ಇಬ್ಬರ ಊಟ ಅಲ್ಲ ಇದು, ಒಬ್ಬಳದೇ ಊಟ, ಸ್ವಲ್ಪ ಹೆಚ್ಚು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ." ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಮಲ ಕಪ್ಪಗಾಗುತ್ತದೆ, ಅದಕ್ಕೆ ಗಾಬರಿ ಬೇಡ. ಕೆಲಸದಲ್ಲಿ ನಿಲ್ಲುವ ಬದಲು ಕೂರಬೇಕು. ತಲೆ ಸುತ್ತಿದರೆ ಅಲ್ಲೇ ನೆಲಕ್ಕಾದರೂ ಸರಿ ಕೂತುಬಿಡಬೇಕು.

ಮನೆಗೆ ಬರುವ ದಾರಿಯಲ್ಲಿ ರುಚಿಯಮ್ಮ ಸೊಸೆಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಅಂಗಡಿಯಲ್ಲಿ ಕುಳಿತಿದ್ದ ಗಿರಾಕಿಗಳು "ಏನಂದ್ರು ರುಚಿಯಮ್ಮಾ?" ಎಂದರೆ ಕೇಳಿಸದವಳ ಹಾಗೆ ನೇರ ಹಿಂದಿನ ಕೋಣೆಗೆ ಹೋದಳು. ಸ್ಟವ್ ಹಚ್ಚಿದಳು. ಹಾಲು ಹಾಕದೆ ಒಂದು ಬಟ್ಟಲು ಚಹಾ ಇಳಿಸಿದಳು. ಜೇನಿನ ಬಣ್ಣ, ತಳ ಕಾಣುವಷ್ಟು ತಿಳಿ. ಒಂದು ಮಾತ್ರೆ ತೆಗೆದು ಮರದ ಸೌಟಿನ ಬೆನ್ನಲ್ಲಿ ಕುಟ್ಟಿ ಪುಡಿ ಮಾಡಿ ಅದರೊಳಗೆ ಉದುರಿಸಿ, ಕಲಸಿ, ಮುಂದೆ ಕುಳಿತಳು.

ಬಣ್ಣ ಮೊದಲು ಕದಡಿತು. ಆಮೇಲೆ ಅಂಚಿನಿಂದ ಮಬ್ಬಾಯಿತು. ನೋಡನೋಡುತ್ತಿದ್ದಂತೆ ಬಟ್ಟಲಿನ ತಳ ಕಾಣದಾಯಿತು. ಕೊನೆಗೆ ಉಳಿದದ್ದು ಮಸಿ. ಪೆನ್ನು ಅದ್ದಿ ಬರೆಯಬಹುದಾಗಿದ್ದ ಮಸಿ.

ಯಜಮಾನರು ಬಂದು ಹಿಂದೆ ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಅವರು ಬಗ್ಗಿ ಬಟ್ಟಲು ನೋಡಿದರು. "ಯಾವ ಡಬ್ಬದಲ್ಲೇ ಮೊಳೆ ಬಿತ್ತು?" ಎಂದು ಕೇಳಿದರು ಗಾಬರಿಯಿಂದ.

"ಡಬ್ಬದಲ್ಲಲ್ಲ ರೀ. ಹುಡುಗಿ ಹೊಟ್ಟೆಯಲ್ಲಿ."

ವಿಷಯ ತಿಳಿದ ಮೇಲೆ ಅವರೂ ಮೂಟೆಯ ಮೇಲೆ ಕುಸಿದರು. "ಬಂದೋರಿಗೆಲ್ಲ ನೀನೇ ಹೇಳ್ತಿದ್ದೆಯಲ್ಲೇ, ಕಬ್ಬಿಣಕ್ಕೂ ಟೀಗೂ..."

"ಮುಂದೆ ಹೇಳಬೇಡಿ."

"ಹೇಳಲ್ಲ."

"ಒಂದು ಮೊಳೆ ಡಬ್ಬಕ್ಕೆ ಬೀಳಬಾರದು ಅಂತ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತೀನಿ. ದಿನಾ ಎದುರಿಗೇ ನಿಂತು, ನುಂಗು ನುಂಗು ಅಂತ..." ಬಟ್ಟಲನ್ನು ದೂರ ತಳ್ಳಿದಳು. "ಪ್ರೀತಿ ಅಂತ ಮಾಡಿದ್ದು ರೀ."

ಸೊಸೆ ಮಹಡಿಯ ಮನೆಯಿಂದ ಮೆಟ್ಟಿಲಿಳಿದು ಬಂದಿದ್ದಳು. ಮಸಿಯ ಬಟ್ಟಲನ್ನೂ ಅತ್ತೆಯ ಮುಖವನ್ನೂ ನೋಡಿ ಅವಳಿಗೆ ಎಲ್ಲ ಅರ್ಥವಾಯಿತು. ಭಾರವಾದ ಹೊಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ಕುಳಿತು ಅತ್ತೆಯ ಕೈ ತೆಗೆದುಕೊಂಡಳು.

"ಅತ್ತೆ, ತಪ್ಪು ನಿಮ್ಮದೊಂದೇ ಅಲ್ಲ. ಅಮ್ಮ ಫೋನಲ್ಲಿ ಹೇಳಿದ್ದಳು, ಊಟ ಆದ ತಕ್ಷಣ ಟೀ ಬೇಡ ಅಂತ. ಹಳೇ ಕಾಲದ ಮಾತು, ನಾಲ್ಕು ಗುಟುಕಿಗೆ ಏನಾಗುತ್ತೆ ಅಂದ್ಕೊಂಡೆ."

"ನಿಮ್ಮಮ್ಮ ಹೇಳಿದ್ರಾ? ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ನೀನು?"

"ಹೇಗೆ ಹೇಳ್ಲಿ? ಮದುವೆ ದಿನ ಅಮ್ಮ ಒಂದು ಕಪ್ ಬಿಟ್ಟಿದ್ದಕ್ಕೆ ನಿಮಗೆ ಇಷ್ಟು ದಿನ ನೋವಿದೆ. ಎಲ್ಲರಿಗೂ ಗೊತ್ತು, ಯಾರೂ ಮಾತಾಡಲ್ಲ. ನಾನೂ ಬೇಡ ಅಂದ್ರೆ ತಾಯಿ ಥರಾನೇ ಮಗಳು ಅಂದ್ಕೋತೀರ ಅಂತ ಹೆದರಿಕೆ ಆಯ್ತು. ನೀವು ಅಷ್ಟು ಆಸೆಯಿಂದ ತಂದು ಹಿಡಿದಾಗ ಬೇಡ ಅನ್ನೋಕೆ ಮನಸ್ಸೂ ಬರಲಿಲ್ಲ."

ಯಜಮಾನರು ಎದ್ದು ಮುಂದಿನ ಕೋಣೆಗೆ ಹೋದರು. ಯಾವ ಗಿರಾಕಿಯೂ ಕರೆದಿರಲಿಲ್ಲ.

"ಅಮ್ಮ ಆವತ್ತು ಕುಡೀದೆ ಇದ್ದದ್ದು ಯಾಕೆ ಗೊತ್ತಾ ಅತ್ತೆ?" ಎಂದಳು ಸೊಸೆ. "ನಾನು ಹೊಟ್ಟೆಯಲ್ಲಿದ್ದಾಗ ಅಮ್ಮಂಗೂ ಹೀಗೇ ರಕ್ತ ಕಮ್ಮಿ ಆಗಿತ್ತಂತೆ. ಹೆರಿಗೆ ಆದ ಮೇಲೆ ಹಾಸಿಗೆಯಿಂದ ಏಳೋಕೆ ಬಹಳ ದಿನ ಆಯ್ತಂತೆ. ಆಗ ಯಾರೋ ಡಾಕ್ಟ್ರಮ್ಮ ಗದರಿದ್ರಂತೆ, ಊಟದ ಮೇಲೆ ಟೀ ಕುಡಿಯೋದು ಬಿಡು ಅಂತ. ಆವತ್ತಿಂದ ಅದೇ ಪಾಠ. ಆ ಕಪ್ಪನ್ನ ಆಮೇಲೆ ಕುಡಿಯೋಣ ಅಂತ ಪಕ್ಕಕ್ಕೆ ಇಟ್ಟಳಂತೆ. ವಾಪಸ್ ಬಂದು ನೋಡಿದ್ರೆ ಕಪ್ಪೇ ಇರಲಿಲ್ಲವಂತೆ. ಹೊಸ ಸಂಬಂಧ, ಕೇಳೋಕೆ ಸಂಕೋಚ ಆಯ್ತಂತೆ. ಎಂಥಾ ಪರಿಮಳ ಇತ್ತು ಗೊತ್ತಾ ಅಂತ ಈಗಲೂ ಹೇಳ್ತಾಳೆ."

ರುಚಿಯಮ್ಮನಿಗೆ ಬಚ್ಚಲು ನೆನಪಾಯಿತು. ಎಳೆಯ ಚಿಗುರಿನ ಆ ಚಹಾ ಗುಳುಗುಳು ಎನ್ನುತ್ತಾ ಇಳಿದುಹೋದದ್ದು ನೆನಪಾಯಿತು. ಎದ್ದು ಹೋಗಿ ಮಸಿಯ ಬಟ್ಟಲನ್ನು ಅದೇ ಬಚ್ಚಲಿಗೆ ಸುರಿದು, ತಿಕ್ಕಿ ತಿಕ್ಕಿ ತೊಳೆದಳು.

ಮರುದಿನದಿಂದ ಆ ಮನೆಯಲ್ಲಿ ಯಾರೂ ಕಂಡು ಕೇಳರಿಯದ ಕಾನೂನು ಬಂತು. ಊಟವಾದ ಮೇಲೆ ಚಹಾ ಇಲ್ಲ. ಸೊಸೆಗೊಬ್ಬಳಿಗೇ ಅಲ್ಲ, ಯಾರಿಗೂ ಇಲ್ಲ. "ಅವಳ ಮುಂದೆ ನಾವು ಸೊರ್ರನೆ ಹೀರ್ತಾ ಕೂತ್ರೆ ಅವಳಿಗೆ ಹೇಗಾಗಬೇಡ?" ಎಂದಳು ರುಚಿಯಮ್ಮ. ಯಜಮಾನರಿಗೆ ಅದು ಕೈಕಾಲು ಕಟ್ಟಿಹಾಕಿದ ಹಾಗೆ. ಊಟ ಮುಗಿಸಿ ತಟ್ಟೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದರು, ರೈಲು ತಪ್ಪಿಸಿಕೊಂಡವರ ಹಾಗೆ.

"ಚಹಾ ಮಾರೋನ ಮನೇಲಿ ಚಹಾಕ್ಕೆ ಬರ. ಹೊರಗೆ ಹೇಳಬೇಡಿ, ಅಂಗಡಿ ಮುಚ್ಚಬೇಕಾಗುತ್ತೆ" ಎಂದರು ಒಮ್ಮೆ.

"ಎರಡು ಗಂಟೆ ತಡೀರಿ. ಸಾಯಲ್ಲ."

"ಬಸುರಿ ಅವಳು, ಪಥ್ಯ ನನಗೆ."

"ನೀವು ತಿಂದ ಬೆಣ್ಣೆಗೆ ಇದೇ ಪಥ್ಯ ಸರಿ."

ರುಚಿಯಮ್ಮ ಊಟದ ಕಡೆಗೆ ನಾಲಿಗೆ ತಿರುಗಿಸಿದಳು. ಚಹಾದಲ್ಲಿ ಎಲೆಯ ವಯಸ್ಸನ್ನೇ ಹೇಳುವ ನಾಲಿಗೆ ಸೊಪ್ಪಿನ ಮುಂದೆ ಸೋಲುತ್ತದೆಯೇ? ತರಕಾರಿಯವಳ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದು ಕಂತೆಯಿಂದಲೂ ಒಂದು ಎಲೆ ಕಿತ್ತು ಅಗಿದು ನೋಡುತ್ತಿದ್ದಳು. "ಕೊಳ್ಳೋಕೆ ಬಂದ್ಯೋ ಮೇಯೋಕೆ ಬಂದ್ಯೋ ರುಚಿಯಮ್ಮಾ?" ಎಂದು ತರಕಾರಿಯವಳು ರೇಗುತ್ತಿದ್ದಳು. ಎಳೆಯ ಸೊಪ್ಪನ್ನು ಬೇಳೆಯ ಜೊತೆ ಬೇಯಿಸಿ, ಕೆಳಗಿಳಿಸಿದ ಮೇಲೆ ನಿಂಬೆ ಹಿಂಡುವಳು. ಕಾಳು ನೆನೆಹಾಕುವಳು. ಮೊಟ್ಟೆ ಬೇಯಿಸಿ ಸುಲಿದು ಸೊಸೆಯ ಡಬ್ಬಿಗೆ ಹಾಕಿ ಕನ್ನಡಕದ ಅಂಗಡಿಗೆ ಕಳಿಸುವಳು. ಅಂಗಡಿಯ ಮಾಲೀಕನಿಗೆ ತಾನೇ ಹೋಗಿ ಹೇಳಿ ಸೊಸೆಗೆ ಒರಗುವ ಕುರ್ಚಿ ಹಾಕಿಸಿದಳು. ಆ ಮಾಲೀಕ ಇಲ್ಲ ಎನ್ನಲಾರದೆ ತನ್ನದೇ ಕುರ್ಚಿ ಬಿಟ್ಟುಕೊಟ್ಟು ಸ್ಟೂಲಿನ ಮೇಲೆ ಕುಳಿತನಂತೆ.

ಸಾಸರು ಮಾತ್ರ ಹಾಗೇ ಉಳಿಯಿತು. ಅದರ ಮೇಲೆ ಮಾತ್ರೆ, ಪಕ್ಕದಲ್ಲಿ ಸುಲಿದ ಕಿತ್ತಳೆ. ರುಚಿಯಮ್ಮ ಎದುರು ನಿಂತು ಕಾಯುವುದೂ ನಿಲ್ಲಲಿಲ್ಲ.

"ನುಂಗಿದೆ ಅತ್ತೆ. ಬಾಯಿ ತೆಗೆದು ತೋರಿಸ್ಲಾ?"

"ತೋರಿಸು."

ಸೊಸೆ ಬಾಯಿ ತೆರೆಯುವಳು. ರುಚಿಯಮ್ಮ ನಿಜವಾಗಿಯೂ ಬಗ್ಗಿ ನೋಡುವಳು. ಒಂದು ದಿನ ಹಾಗೆ ನೋಡುತ್ತಿರುವಾಗಲೇ ಒಳಗಿನವರು ಒದ್ದು, ಸೊಸೆ ಅಯ್ಯೋ ಎಂದು ಅತ್ತೆಯ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಂಗೈಯ ಕೆಳಗೆ ಒಂದು ಪುಟ್ಟ ಹಿಮ್ಮಡಿ ಸರಿದು ಹೋಯಿತು. ರುಚಿಯಮ್ಮ ಕೈಯನ್ನು ಅಲ್ಲೇ ಬಿಟ್ಟು ಇನ್ನೊಂದು ಒದೆತಕ್ಕೆ ಕಾದಳು.

ಎಲ್ಲ ಸರಿಯಾಯಿತು, ಕಾಗದವೊಂದು ಬಿಟ್ಟು. ಯಜಮಾನರು ಈಗ ಕೇಳುವ ಬಗೆ ಬದಲಾಗಿತ್ತು. "ಈಗೇನು ಅಡ್ಡಿ? ಆಯಮ್ಮಂದು ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ."

"ಅದಕ್ಕೇ ಬರೆಯೋಕೆ ಆಗ್ತಿಲ್ಲ. ಮೊದಲು ಸಿಟ್ಟಿತ್ತು, ಪೆನ್ನು ನಡೀಲಿಲ್ಲ. ಈಗ ನಾಚಿಕೆ. ನಿಮ್ಮ ಮಗಳ ರಕ್ತ ಇಳಿಸಿದವಳು ನಾನೇ, ಬನ್ನಿ ಅಂತ ಬರೀಲಾ? ಒಂದು ಚೂರು ಏರಲಿ ರೀ. ಏರಿದ ಮೇಲೆ ಬರೀತೀನಿ."

"ಏರದೇ ಇದ್ರೆ?"

ಆ ಪ್ರಶ್ನೆಯನ್ನು ರುಚಿಯಮ್ಮ ಯಜಮಾನರಿಗಿಂತ ಮೊದಲೇ, ಸೊಪ್ಪು ಸೋಸುವಾಗ, ಮೂಟೆ ಬಿಚ್ಚುವಾಗ, ತನಗೆ ತಾನೇ ಕೇಳಿಕೊಂಡು ಬಂದಿದ್ದಳು. ಸೇತುವೆ ದಾಟಿ ಹೋಗುವ ಬಸ್ಸಿನ ಸದ್ದು ಕೇಳಿದರೂ ಈಗ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತಿತ್ತು.

ಮತ್ತೆ ರಕ್ತ ನೋಡುವ ದಿನ ಬಂತು. ಹೆರಿಗೆ ಮನೆಯ ಬೆಂಚಿನ ಮೇಲೆ ಈ ಸಲ ಮೂವರೂ ಕುಳಿತಿದ್ದರು. ಯಜಮಾನರು ಅಂಗಡಿಗೆ ಬೀಗ ಹಾಕಿ ಬಂದಿದ್ದರು. ತಾವು ಬಂದದ್ದು ಸುಮ್ಮನೆ ಗಾಳಿ ಸೇವನೆಗೆ ಎಂದು ಎಲ್ಲರಿಗೂ ಹೇಳುತ್ತಿದ್ದರು. ನರ್ಸಮ್ಮ ಬೆರಳು ಚುಚ್ಚಿ ಪಕ್ಕದ ಕೋಣೆಗೆ ಹೋದಾಗ ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಆ ಬೆರಳುಗಳು ಬೆಚ್ಚಗಿದ್ದವು. ರುಚಿಯಮ್ಮ ಅದನ್ನು ಗಮನಿಸಿದರೂ ನಂಬಲು ಹೆದರಿದಳು.

ನರ್ಸಮ್ಮ ಬಂದವರೇ ಬಾಗಿಲಲ್ಲಿ ನಿಂತರು. ಕನ್ನಡಕದ ಮೇಲಿಂದ ಮೂವರನ್ನೂ ನೋಡಿದರು.

"ಏನು ಕೊಟ್ರಮ್ಮ ಇವಳಿಗೆ?"

ರುಚಿಯಮ್ಮ ಬೆಂಚಿನ ತುದಿಗೆ ಸರಿದಳು. "ಯಾಕೆ ಸಿಸ್ಟರ್? ಟೀ ಕೊಟ್ಟಿಲ್ಲ. ನನ್ನಾಣೆಗೂ ಕೊಟ್ಟಿಲ್ಲ."

"ಏರಿದೆ. ಚೆನ್ನಾಗಿ ಏರಿದೆ. ಇನ್ನೂ ಸ್ವಲ್ಪ ಬೇಕು, ಮಾತ್ರೆ ಬಿಡೋ ಹಾಗಿಲ್ಲ. ಆದ್ರೆ ಹೀಗೇ ಹೋದ್ರೆ ಸೇತುವೆ ದಾಟೋದು ಬೇಡ. ಡಾಕ್ಟರೂ ಹಾಗೇ ಅಂದ್ರು. ಇಲ್ಲೇ ಆಗುತ್ತೆ."

ಯಜಮಾನರು ಎದ್ದು ಗೋಡೆಯ ಮೇಲಿನ ಸೊಪ್ಪಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅವರ ಭುಜ ಅಲುಗುತ್ತಿತ್ತು. ಸೊಸೆ ನಗುತ್ತಾ ಅತ್ತೆಯ ಹೆಗಲಿಗೆ ತಲೆ ಆನಿಸಿದಳು.

"ಕೊನೇ ದಿನಗಳಲ್ಲಿ ಒಬ್ಬಳನ್ನೇ ಬಿಡಬೇಡಿ" ಎಂದರು ನರ್ಸಮ್ಮ. "ನಿಮಗೆ ಅಂಗಡಿ, ಅವಳ ಗಂಡನಿಗೆ ವ್ಯಾನು. ಬಾಣಂತಿ ನೋಡ್ಕೊಳ್ಳೋಕೆ ಇನ್ನೊಂದು ಕೈ ಇದ್ರೆ ಒಳ್ಳೇದು. ಯಾರಾದ್ರೂ ಇದ್ದಾರಾ?"

ಸೊಸೆ ತಲೆ ಎತ್ತಿ ಚುಚ್ಚಿದ ಬೆರಳನ್ನು ನೋಡಿಕೊಂಡಳು. ಅತ್ತೆಯ ಕಡೆ ನೋಡಲಿಲ್ಲ.

"ಇದ್ದಾರೆ" ಎಂದಳು ರುಚಿಯಮ್ಮ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ತಕ್ಕಡಿಯ ತಟ್ಟೆ ಎತ್ತಿದಳು. ಹಾಳೆಯ ಮಡಿಕೆಯಲ್ಲಿ ಚಹಾದ ಧೂಳು ಕೂತಿತ್ತು. ಊದಿ, ಮಂಡಿಯ ಮೇಲೆ ಹಲಗೆಯಿಟ್ಟುಕೊಂಡು, ನಮಸ್ಕಾರದ ಮುಂದಿನ ಸಾಲಿಗೆ ಪೆನ್ನು ಇಟ್ಟಳು. ಈ ಸಲ ಅದು ಎಲ್ಲೂ ನಿಲ್ಲಲಿಲ್ಲ.

"ನಿಮ್ಮ ಮಗಳು ಚೆನ್ನಾಗಿದ್ದಾಳೆ. ನಡುವೆ ರಕ್ತ ಕಡಿಮೆಯಾಗಿತ್ತು, ಅದಕ್ಕೆ ನನ್ನ ಚಹಾ ಕಾರಣ. ಈಗ ಏರಿದೆ, ಅದಕ್ಕೆ ನೀವು ಹೇಳಿದ ಬುದ್ಧಿಮಾತು ಕಾರಣ. ಅದನ್ನು ನಾನು ಕೇಳಿಸಿಕೊಂಡದ್ದು ತಡವಾಯಿತು. ಮದುವೆಯ ದಿನ ನೀವು ಕಪ್ಪು ಸರಿಸಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕುಳಿತೆ. ನೀವು ವಾಪಸ್ ಬಂದು ಹುಡುಕಿದ್ದು ನನಗೆ ಗೊತ್ತಿರಲಿಲ್ಲ. ಚೆಲ್ಲಿದವಳು ನಾನೇ. ಬೈಯುವುದಿದ್ದರೆ ಎದುರಿಗೇ ಬೈಯಿರಿ, ಅದಕ್ಕಾದರೂ ಬನ್ನಿ. ನಿಮ್ಮ ಮಗಳಿಗೆ ನೀವು ಬೇಕು. ಅವಳು ಬಾಯಿಬಿಟ್ಟು ಕೇಳುವವಳಲ್ಲ, ನನಗೆ ಹೆದರುತ್ತಾಳೆ. ನನಗೂ ನೀವು ಬೇಕು. ಆ ಚಿಗುರಿನ ಚಹಾ ಡಬ್ಬದ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಊಟವಾಗಿ ಎರಡು ಗಂಟೆ ಕಳೆದ ಮೇಲೆಯೇ ಕೊಡುತ್ತೇನೆ. ಆಗಲೂ ಕುಡಿಯದಿದ್ದರೆ ಮಾತ್ರ ನಾನು ಸುಮ್ಮನಿರುವವಳಲ್ಲ."

ಯಜಮಾನರು ಹೆಗಲ ಮೇಲಿಂದ ಇಣುಕಿ ಓದಿದರು. "ಕೊನೇ ಸಾಲು ಜಗಳದ ಹಾಗಿದೆಯಲ್ಲೇ."

"ಇರಲಿ. ಕಾಗದ ನನ್ನದೇ ಅಂತ ಗೊತ್ತಾಗಬೇಡ್ವಾ?"

ಲಕೋಟೆಗೆ ಹಾಕಿ ಅಂಟಿಸಿದಳು. "ಕೊಡು, ನಾನು ಹಾಕಿ ಬರ್ತೀನಿ" ಎಂದು ಯಜಮಾನರು ಕೈ ಚಾಚಿದರೆ ಕೊಡಲಿಲ್ಲ. ಮಹಡಿಯ ಕಿಟಕಿಯಲ್ಲಿ ಸೊಸೆ ಕಿತ್ತಳೆ ಸುಲಿಯುತ್ತಾ ನಿಂತಿದ್ದಳು. ಅತ್ತೆ ಲಕೋಟೆ ಹಿಡಿದು ಬೀದಿಗಿಳಿದದ್ದನ್ನು ಕಂಡು ಸುಲಿಯುವುದನ್ನು ನಿಲ್ಲಿಸಿದಳು.

ಅಂಚೆ ಡಬ್ಬ ಹೆರಿಗೆ ಮನೆಯ ಹಸಿರು ಬಾಗಿಲ ಪಕ್ಕದಲ್ಲೇ ಇತ್ತು. ರುಚಿಯಮ್ಮ ವಿಳಾಸವನ್ನು ಇನ್ನೊಮ್ಮೆ ಓದಿದಳು. ಲಕೋಟೆಯನ್ನು ಡಬ್ಬದ ಬಾಯೊಳಗೆ ಅರ್ಧ ತೂರಿಸಿ, ಒಂದು ಗಳಿಗೆ ಹಿಡಿದು ನಿಂತು, ಕೈಬಿಟ್ಟಳು.